ಮಕ್ಕಳ ರಕ್ತ ಕ್ಯಾನ್ಸರ್‌ಗೂ ಜೀನ್‌ಗೂ ಏನು ಸಂಬಂಧ?

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ತೆಲಂಗಾಣದಲ್ಲಿದ್ದರೂ ಅಲ್ಲಿನ ಹಲವು ಮನೆಗಳ ಮಾತು ಕನ್ನಡವೇ. ಇಲ್ಲಿ ಮಗುವಿಗೆ ರಕ್ತ ಕ್ಯಾನ್ಸರ್ ಅಂತ ಗೊತ್ತಾದರೆ ಸರಕಾರಿ ಚಿಕಿತ್ಸೆಗಾಗಿ ಹೈದರಾಬಾದ್‌ನ ಎಂಎನ್‌ಜೆ ಅಥವಾ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. ಆ ಅಲೆದಾಟದ ನಡುವೆ ಹೆತ್ತವರನ್ನು ಕಾಡುವ ಪ್ರಶ್ನೆ ಒಂದೇ: ‘ಇದು ನಮ್ಮಿಂದ ಬಂತಾ?’

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ. ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳೇ ಬೆಳವಣಿಗೆ ಮುಗಿಸದೆ ಅಸ್ಥಿಮಜ್ಜೆಯಲ್ಲಿ ಮಿತಿಮೀರಿ ಹೆಚ್ಚುವ ಕಾಯಿಲೆ ಇದು. ಈ ಕಣಗಳು ರೂಪುಗೊಳ್ಳಲು ಬೇಕಾದ ಐಕೆಝಡ್ಎಫ್1, ಎಆರ್‌ಐಡಿ5ಬಿ ಎಂಬ ಜೀನ್‌ಗಳಲ್ಲಿನ ಸಣ್ಣ ವ್ಯತ್ಯಾಸಗಳು ರೋಗದ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತವೆ ಎಂದು 2009ರಲ್ಲಿ ವಿಜ್ಞಾನಿಗಳು ಕಂಡುಕೊಂಡರು.

‘ಸ್ವಲ್ಪ’ ಎಂಬ ಪದವನ್ನು ಗಮನಿಸಿ. ಇಂತಹ ವ್ಯತ್ಯಾಸ ಇರುವ ಬಹುತೇಕ ಮಕ್ಕಳಿಗೆ ಈ ರೋಗ ಬರುವುದೇ ಇಲ್ಲ. ಒಂದೇ ರೀತಿಯ ಜೀನ್ ಇರುವ ತದ್ರೂಪಿ ಅವಳಿಗಳಲ್ಲೂ, ಒಂದು ವರ್ಷ ದಾಟಿದ ಮೇಲೆ ಒಬ್ಬರಿಗೆ ರೋಗ ಬಂದರೆ ಹೆಚ್ಚಿನ ಸಲ ಇನ್ನೊಬ್ಬರಿಗೆ ಬರುವುದಿಲ್ಲ. ಹುಟ್ಟಿದ ಮೇಲೆ ಜೀವಕೋಶದಲ್ಲಿ ಆಕಸ್ಮಿಕವಾಗಿ ಆಗುವ ಬದಲಾವಣೆಗಳೂ ಸೇರಬೇಕು. ಹಾಗಾಗಿ ತಾಯಿಯನ್ನೋ ಸೊಸೆಯ ತವರನ್ನೋ ದೂರುವುದು ಅನ್ಯಾಯ. ಇದು ಅಂಟುರೋಗವೂ ಅಲ್ಲ.

ಇನ್ನೊಂದು ಗುಂಪಿನ ಜೀನ್‌ಗಳಿವೆ. ಅವೇ ಎಚ್‌ಎಲ್‌ಎ. ಆರನೇ ಕ್ರೋಮೋಸೋಮ್‌ನಲ್ಲಿರುವ ಇವು, ‘ಇದು ನನ್ನ ಕಣ, ಇದು ಪರಕೀಯ’ ಎಂದು ರೋಗ ನಿರೋಧಕ ಶಕ್ತಿಗೆ ಗುರುತು ಹಿಡಿಸಿಕೊಡುತ್ತವೆ. ಹೆಚ್ಚಿನ ಮಕ್ಕಳು ಕೀಮೋಥೆರಪಿಯಲ್ಲೇ ಗುಣ ಹೊಂದುತ್ತಾರೆ. ರೋಗ ಮರುಕಳಿಸಿದರೆ ಕೆಲವರಿಗೆ ಅಸ್ಥಿಮಜ್ಜೆ ಕಸಿ ಬೇಕಾಗಬಹುದು. ಆಗ ಎಚ್‌ಎಲ್‌ಎ ಹೊಂದಾಣಿಕೆ ಮುಖ್ಯ. ಮಗು ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಪಡೆಯುವುದರಿಂದ ಒಡಹುಟ್ಟಿದವರಲ್ಲಿ ಒಬ್ಬೊಬ್ಬರದ್ದೂ ಪೂರ್ತಿ ಹೊಂದುವ ಸಾಧ್ಯತೆ ಶೇ. 25 ಮಾತ್ರ. ಅರ್ಧ ಹೊಂದುವ ತಂದೆ ತಾಯಿಯಿಂದಲೂ ಈಗ ಕಸಿ ಮಾಡಲಾಗುತ್ತದೆ.

ಮನೆಯಲ್ಲಿ ದಾನಿ ಸಿಗದಿದ್ದರೆ ಹೊರಗೆ ಹುಡುಕಬೇಕು. ಎಚ್‌ಎಲ್‌ಎ ಮಾದರಿಗಳು ಜನಾಂಗದಿಂದ ಜನಾಂಗಕ್ಕೆ ಬೇರೆ. ನಮ್ಮ ಮಕ್ಕಳಿಗೆ ಹೊಂದುವ ದಾನಿ ವಿದೇಶಕ್ಕಿಂತ ನಮ್ಮ ಜನರ ನಡುವೆಯೇ ಸಿಗುವ ಸಾಧ್ಯತೆ ಹೆಚ್ಚು. ಆದರೆ ನೋಂದಾಯಿಸಿದವರು ನಮ್ಮಲ್ಲಿ ತೀರಾ ಕಡಿಮೆ.

ರಕ್ತದಾನ ಶಿಬಿರಕ್ಕೆ ಓಡಿ ಬರುವ ನಮ್ಮ ಯುವಕರು ಇದನ್ನೂ ಯೋಚಿಸಬೇಕು. 18 ತುಂಬಿದ ಆರೋಗ್ಯವಂತರು ದಾತ್ರಿ ಅಥವಾ ಡಿಕೆಎಂಎಸ್‌ನಂಥ ಸಂಸ್ಥೆಗಳಲ್ಲಿ ಹೆಸರು ಕೊಡಬಹುದು. ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಮಾದರಿ ಕೊಟ್ಟರೆ ಸಾಕು. ಮುಂದೆ ಹೊಂದಾಣಿಕೆಯಾದರೂ ಹೆಚ್ಚಾಗಿ ತೋಳಿನ ರಕ್ತದಿಂದಲೇ ಕಾಂಡಕೋಶ ಬೇರ್ಪಡಿಸಿಕೊಳ್ಳುತ್ತಾರೆ.

ಹೆತ್ತವರಿಗೆ ಒಂದು ಮಾತು: ಬಿಡದ ಜ್ವರ, ಬಿಳಿಚಿದ ಮುಖ, ಕಾರಣವಿಲ್ಲದೆ ಮೂಡುವ ನೀಲಿ ಕಲೆ, ಮೂಳೆ ನೋವು ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ಮಗು ಚೇತರಿಸಿಕೊಂಡಂತೆ ಕಂಡಿತೆಂದು ನಡುವೆ ನಿಲ್ಲಿಸಬೇಡಿ.