ಅಂತರಜಾಲದಲ್ಲಿ ಆರೋಗ್ಯ ವಿಚಾರದ ಶೋಧ

ಮೈಗೆ ಸ್ವಸ್ಥವಿಲ್ಲದಾಗ ವೈದ್ಯರಿಗಿಂತ ಮೊದಲು ಅಂತರಜಾಲವನ್ನು ವಿಚಾರಿಸುವುದು ಇಂದು ರೂಢಿಯಾಗಿದೆ. ವೈದ್ಯಕೀಯ ಪ್ರಬಂಧಗಳನ್ನು ಹುಡುಕಲು ಅಲ್ಲಿ 'ಪಬ್‌ಮೆಡ್' ಎಂಬ ಸೂಚಿಯಿದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಸೂಚಿ 1997ರಿಂದ ಸರ್ವರಿಗೂ ಉಚಿತವಾಗಿ ದೊರೆಯುತ್ತಿದೆ.

ಆದರೆ ಸೂಚಿಯಲ್ಲಿ ಸೇರಿದ್ದೆಲ್ಲವೂ ಸತ್ಯವೆಂದು ತಿಳಿಯಲಾಗದು. 1998ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯು ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧವೊಂದನ್ನು ಪ್ರಕಟಿಸಿತು. ದಡಾರ, ಮಂಗನಬಾವು, ರುಬೆಲ್ಲಾಗಳನ್ನು ತಡೆಯುವ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಅದು ಹುಟ್ಟಿಸಿತು. ಅದಕ್ಕೆ ಆಧಾರ ಕೇವಲ 12 ಮಕ್ಕಳು! ಬ್ರಿಟನ್ನಿನ ಅನೇಕ ತಂದೆತಾಯಿಗಳು ಲಸಿಕೆ ಹಾಕಿಸಲು ಅಂಜಿದರು. ಅಡಗಿದ್ದ ದಡಾರ ಮತ್ತೆ ತಲೆಯೆತ್ತಿತು. ಪತ್ರಿಕೆಯು ಪ್ರಬಂಧವನ್ನು ಪೂರ್ಣವಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ, ಅಂದರೆ ಹನ್ನೆರಡು ವರ್ಷಗಳ ತರುವಾಯ.

ಪಬ್‌ಮೆಡ್‌ನಲ್ಲಿ ಆ ಪ್ರಬಂಧವು ಹಿಂತೆಗೆಯಲ್ಪಟ್ಟದ್ದೆಂಬ ಸೂಚನೆಯೊಡನೆಯೇ ಕಾಣಿಸುತ್ತದೆ. ಅದನ್ನು ನಂಬಿ ಯಾರೋ ಬರೆದ ಬರಹಗಳಿಗೆ ಅಂತಹ ಸೂಚನೆಯಿಲ್ಲ. ಸಾಮಾನ್ಯ ಶೋಧಯಂತ್ರದಲ್ಲಿ ಹುಡುಕಿದವರಿಗೆ ಅವೇ ಮೊದಲು ಎದುರಾದರೂ ಆಶ್ಚರ್ಯವಿಲ್ಲ. ಆದುದರಿಂದ ಬರೆದವರಾರು, ಬರೆದದ್ದು ಯಾವಾಗ, ಆಮೇಲಿನ ಸಂಶೋಧನೆ ಏನು ಹೇಳಿತು ಎಂಬುದನ್ನು ನೋಡುವುದು ಅವಶ್ಯ. ಬಿಡಿ ಪ್ರಬಂಧಕ್ಕಿಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಸಮೀಕ್ಷೆಯೇ ಮೇಲು. 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆಯ ಮುಖ್ಯ ಕಾರ್ಯವೇ ಇದು. ಇದೇ ಲಸಿಕೆಯನ್ನು ಕುರಿತ ಅದರ 2020ರ ಸಮೀಕ್ಷೆಯು 138 ಅಧ್ಯಯನಗಳನ್ನು ಪರಿಶೀಲಿಸಿತು; ಆಟಿಸಂನ ನಂಟಿಗೆ ಅಲ್ಲಿ ಆಧಾರ ದೊರೆಯಲಿಲ್ಲ.