ನಿಮಗಿದು ಗೊತ್ತೇ? ಹಾರ್ಮೋನ್ ಮಾತ್ರೆಯೂ ಮುಪ್ಪಿನ ಮರೆವೂ

ಹಾರ್ಮೋನ್ ಕೊಟ್ಟು ಮಂಕು ಬಿಡಿಸಿದ ಮೊದಲ ಚಿಕಿತ್ಸೆ ನಡೆದದ್ದು 1891ರಲ್ಲಿ, ಕುರಿಯ ಥೈರಾಯ್ಡ್ ಗ್ರಂಥಿಯಿಂದ! ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಮೈ ಊದಿಕೊಂಡು, ಮಾತು ನಿಧಾನವಾಗಿ, ಬುದ್ಧಿ ಜಡವಾಗಿದ್ದ 46 ವರ್ಷದ ಹೆಂಗಸಿಗೆ ಅದರ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಮತ್ತೆ 28 ವರ್ಷ ಬಾಳಿದರು.

ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸೂ ಸುಮಾರು 46. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಆಸುಪಾಸು. ಹೊಳೆನರಸೀಪುರದ ಕಡೆ ಎಷ್ಟೋ ತಾಯಂದಿರು ಮಗಳ ಬಾಣಂತನ ಮಾಡುತ್ತಿರುವ ಹೊತ್ತಿಗೇ ಅವರ ಮೈಯಲ್ಲಿ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಇಳಿಯತೊಡಗಿರುತ್ತದೆ.

ಈಸ್ಟ್ರೋಜನ್‌ಗೆ ಗರ್ಭಕೋಶದಲ್ಲಷ್ಟೇ ಕೆಲಸವೆಂದು ತಿಳಿಯಬೇಡಿ. ನೆನಪನ್ನು ಕೂಡಿಡುವ ಮಿದುಳಿನ ಭಾಗದಲ್ಲೂ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ಮುಟ್ಟು ನಿಲ್ಲುವ ವರ್ಷಗಳಲ್ಲಿ ಮೈ ಕಾದು ಬೆವರುವುದು, ನಿದ್ದೆ ಕೆಡುವುದು, ಇಟ್ಟ ವಸ್ತು ಮರೆಯುವುದು ಒಟ್ಟೊಟ್ಟಿಗೆ ಬರುವುದು ಬಹುಮಟ್ಟಿಗೆ ಈಸ್ಟ್ರೋಜನ್ ಇಳಿಯುವುದರಿಂದಲೇ. ಈ ಮರೆವು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯಲ್ಲ. ಹೆಚ್ಚಿನವರಿಗೆ ಕೆಲಕಾಲದ ಮೇಲೆ ಸರಿಹೋಗುತ್ತದೆ.

ಇಳಿದ ಈಸ್ಟ್ರೋಜನ್ ತುಂಬಿಕೊಡಲೆಂದೇ ಮಾತ್ರೆಗಳಿವೆ. ಪ್ರೆಮರಿನ್ ಎಂಬ ಹೆಸರುವಾಸಿ ಮಾತ್ರೆಯ ಈಸ್ಟ್ರೋಜನ್ ಬರುವುದು ಗಬ್ಬದ ಕುದುರೆಗಳ ಮೂತ್ರದಿಂದ. ಅಮೆರಿಕದಲ್ಲಿ ಅದು 1942ರಿಂದಲೂ ಮಾರಾಟದಲ್ಲಿದೆ.

ಹಾಗಾದರೆ ಈ ಮಾತ್ರೆ ನುಂಗಿದರೆ ಮುಪ್ಪಿನಲ್ಲಿ ನೆನಪು ಉಳಿಯುತ್ತದೆಯೇ? ಬಹುಕಾಲ ಹಲವರು ಹಾಗೆಂದೇ ನಂಬಿದ್ದರು. ಅಮೆರಿಕದಲ್ಲಿ 65 ದಾಟಿದ 4,532 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲ 2003ರಲ್ಲಿ ಹೊರಬಂದಾಗ ವೈದ್ಯಲೋಕವೇ ಬೆಚ್ಚಿತು. ಹುಸಿಮಾತ್ರೆ ತೆಗೆದುಕೊಂಡವರಲ್ಲಿ 21 ಮಂದಿಗೆ ಡಿಮೆನ್ಶಿಯಾ ಬಂದಿದ್ದರೆ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ 40 ಮಂದಿಗೆ ಬಂದಿತ್ತು. ಹೆಚ್ಚುಕಡಿಮೆ ಎರಡು ಪಟ್ಟು!

ಆದರೆ ಅವರೆಲ್ಲ ಮುಟ್ಟು ನಿಂತು ಹತ್ತು ಹದಿನೈದು ವರ್ಷ ಕಳೆದವರು ಎಂಬುದನ್ನು ಮರೆಯುವಂತಿಲ್ಲ. ಮುಟ್ಟು ನಿಂತು ಮೂರು ವರ್ಷದೊಳಗಿದ್ದ 727 ಹೆಂಗಸರ ಮೇಲೆ ಕೀಪ್ಸ್ ಎಂಬ ಇನ್ನೊಂದು ಪರೀಕ್ಷೆ ನಡೆಯಿತು. ನಾಲ್ಕು ವರ್ಷ ಹಾರ್ಮೋನ್ ಕೊಟ್ಟರೂ ನೆನಪಿಗೆ ಕೇಡಾಗಲಿಲ್ಲ, ಲಾಭವೂ ಆಗಲಿಲ್ಲ. ಹತ್ತು ವರ್ಷದ ಬಳಿಕ ಮತ್ತೆ ನೋಡಿದಾಗಲೂ ಅದೇ ಫಲ. ಮೈ ಬಿಸಿಯೇರಿ ಬದುಕೇ ಬೇಡವೆನ್ನಿಸಿದವರಿಗೆ ಇದು ಧೈರ್ಯದ ಸುದ್ದಿ: ಮುಟ್ಟು ನಿಂತ ಹೊಸದರಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಚಿಕಿತ್ಸೆ ಪಡೆದರೆ ನೆನಪಿಗೆ ಕೇಡಾದೀತೆಂಬ ಭಯ ಅಷ್ಟಾಗಿ ಬೇಕಿಲ್ಲ. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರು ಮೊದಲಾದವರು ಇದರಿಂದ ದೂರವಿರಬೇಕು.

ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೋಜನ್ ಕೊಡುವಂತಿಲ್ಲ. ಅದು ಗರ್ಭಕೋಶದ ಒಳಪದರದ ಕ್ಯಾನ್ಸರಿಗೆ ದಾರಿಯಾಗುತ್ತದೆಂದು 1975ರಲ್ಲೇ ತಿಳಿದುಬಂತು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಈ ಮಾತ್ರೆ ಕೊಳ್ಳುವುದು ಅದಕ್ಕೇ ಅಪಾಯ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಗರ್ಭಕೋಶದ ಆಪರೇಷನ್. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ‘ಹೇಗೂ ಮಕ್ಕಳಾಗಿವೆ, ತೆಗೆಸಿಬಿಡಿ’ ಎನ್ನುವುದು ನಮ್ಮ ಹಳ್ಳಿಗಳಲ್ಲಿ ಹೊಸ ಮಾತೇನಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಹೀಗೆ ಅನಗತ್ಯವಾಗಿ ಗರ್ಭಕೋಶ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅವರಲ್ಲಿ ಹಲವರಿಗೆ 40 ಕೂಡ ತುಂಬಿರಲಿಲ್ಲ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ಹೋದರೆ ಈಸ್ಟ್ರೋಜನ್ ದಿಢೀರನೆ ನಿಂತುಹೋಗುತ್ತದೆ. ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆವಿನ ಕಾಯಿಲೆ ಹೆಚ್ಚೆಂದು ಅಮೆರಿಕದ ಮೇಯೊ ಕ್ಲಿನಿಕ್ 2007ರಲ್ಲಿ ತೋರಿಸಿತು. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂದು ತಜ್ಞರು ಹೇಳುವುದು ಇಂಥವರಿಗೇ. ಅಕ್ಕಾ, ತಂಗೀ, ಹಳೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿ ತೆಗೆಯಿರಿ. ಅಂಡಾಶಯ ಉಳಿಸಿದ್ದಾರೆಯೇ ಎಂದು ವೈದ್ಯರಿಂದ ಓದಿಸಿ ತಿಳಿದುಕೊಳ್ಳಿ.

ಹೊಗೆಸೊಪ್ಪು ಬೆಳೆಯುವ ಅರಕಲಗೂಡು ಸೀಮೆಯವರಿಗೊಂದು ಮಾತು: ಧೂಮಪಾನ ಮಾಡುವ ಹೆಂಗಸರಿಗೆ ಒಂದೆರಡು ವರ್ಷ ಮೊದಲೇ ಮುಟ್ಟು ನಿಲ್ಲುತ್ತದೆ. ಗಂಡಸರಾಗಲಿ ಹೆಂಗಸರಾಗಲಿ, ಸೇದುವವರಿಗೆ ಡಿಮೆನ್ಶಿಯಾದ ಅಪಾಯವೂ ಹೆಚ್ಚು.

ಗಂಡಸರ ಹಾರ್ಮೋನ್ ಟೆಸ್ಟೊಸ್ಟಿರೋನ್ ಹಚ್ಚಿಕೊಂಡರೆ ನೆನಪು ಚುರುಕಾಗುವುದೇ? 65 ದಾಟಿದ, ಮರೆವು ಶುರುವಾಗಿದ್ದ 493 ಗಂಡಸರಲ್ಲಿ ಒಂದು ವರ್ಷ ಪರೀಕ್ಷಿಸಿ ನೋಡಿದರು. ನೆನಪಿಗೆ ಲಾಭವೇನೂ ಆಗಲಿಲ್ಲ ಎಂದು 2017ರಲ್ಲಿ ವರದಿಯಾಯಿತು.

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ ಇದೆಯೆಂದು 2023ರ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಾಸನವೋ, 2011ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಿದ್ದ ಜಿಲ್ಲೆ.

ಮನೆಯಲ್ಲಿ ಉರ್ದು ಅಥವಾ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರೇ, ಕೇಳಿ! ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದುಬರಹ ಬಾರದವರಲ್ಲೂ ಹಾಗೆಯೇ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರ ಮಿದುಳಿನ ಆರೋಗ್ಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಹಲವು ವರ್ಷಗಳಿಂದ ಪರೀಕ್ಷಿಸುತ್ತಿದೆ. ಗುರಿ 10,000 ಮಂದಿ.

ಡಿಮೆನ್ಶಿಯಾ ತಡೆಯಲು ನಾವು ಗಮನಿಸಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿತು. ಬಿಪಿ, ಶುಗರ್, ಕಿವುಡು, ದೃಷ್ಟಿದೋಷ, ಕೆಟ್ಟ ಕೊಲೆಸ್ಟರಾಲ್, ಒಂಟಿತನ ಎಲ್ಲವೂ ಅದರಲ್ಲಿವೆ. ಮುಟ್ಟು ನಿಲ್ಲುವುದು ಆ ಪಟ್ಟಿಯಲ್ಲಿಲ್ಲ.

ಇನ್ನೂ ಒಂದು ಸಂಗತಿ. ಥೈರಾಯ್ಡ್ ಕೊರತೆಯಿಂದಲೋ ಬಿ12 ಕೊರತೆಯಿಂದಲೋ ಬಂದ ಮರೆವು ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಎಷ್ಟೋ ಸಲ ಇಳಿಯುತ್ತದೆ. ಎರಡನ್ನೂ ರಕ್ತಪರೀಕ್ಷೆಯಲ್ಲಿ ಕಂಡುಹಿಡಿಯಬಹುದು. ಅಜ್ಜಿ ಒಲೆಯ ಮೇಲಿಟ್ಟ ಸಾರು ಪದೇ ಪದೇ ಮರೆಯುತ್ತಿದ್ದರೆ ‘ಅರವತ್ತಕ್ಕೆ ಅರಳು ಮರುಳು’ ಎಂದು ಸುಮ್ಮನಾಗಬೇಡಿ. ಚನ್ನರಾಯಪಟ್ಟಣವಿರಲಿ, ಅರಕಲಗೂಡಿರಲಿ, ಮೊದಲು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿನ ವೈದ್ಯರು ಹೇಳಿದರೆ ಹಾಸನದ ಹಿಮ್ಸ್ ಆಸ್ಪತ್ರೆಗೆ ಹೋಗಿ. ಬಿಪಿ, ಶುಗರ್, ಥೈರಾಯ್ಡ್, ಬಿ12, ಕಿವಿ, ಕಣ್ಣು ಇಷ್ಟನ್ನೂ ತೋರಿಸಿಕೊಂಡೇ ಬನ್ನಿ.