ಹಳದಿ ಕೂಸು, ನೀಲಿ ಬೆಳಕು

"ಕೂಸು ಬಂಗಾರದ ಬಣ್ಣಕ್ಕೆ ತಿರುಗ್ತಾ ಇದೆ ನೋಡೆ" ಎಂದು ಅಜ್ಜಿ ಸಂತೋಷಪಟ್ಟದ್ದು ನನ್ನ ಮಗಳು ಹುಟ್ಟಿದ ಮೂರನೆಯ ದಿನ ಬೆಳಿಗ್ಗೆ. ಗಾಳಿ ತಾಗಬಾರದೆಂದು ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಪರದೆ ಎಳೆದಿದ್ದರು. ಒಂದೇ ಒಂದು ಹಳದಿ ಬಲ್ಬು ಉರಿಯುತ್ತಿತ್ತು. ಆ ಬೆಳಕಿನಲ್ಲಿ ನನಗೂ ನನ್ನ ಗಂಡನಿಗೂ ಬಂಗಾರವೇ ಕಂಡಿತು. ನಮಗದು ಮೊದಲ ಮಗು. ಹಿಂದಿನ ರಾತ್ರಿಯಿಂದ ಹಾಲಿಗೆ ಸರಿಯಾಗಿ ಎದ್ದಿರಲಿಲ್ಲ. ಸಮಾಧಾನದ ಕೂಸು ಎಂದುಕೊಂಡಿದ್ದೆವು.

ಹನ್ನೊಂದು ಗಂಟೆಗೆ ಆಶಾ ಕಾರ್ಯಕರ್ತೆ ಬಂದರು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೂ ಮೂರನೆಯ ದಿನ, ಏಳನೆಯ ದಿನ, ಹೀಗೆ 42ನೆಯ ದಿನದವರೆಗೆ ಆರು ಸಲ ಅವರು ಬರಬೇಕು. "ಅಕ್ಕಾ, ಮಗೂನ ಸ್ವಲ್ಪ ಕಿಟಕಿ ಹತ್ರ ತನ್ನಿ" ಎಂದವರೇ ಪರದೆ ಸರಿಸಿದರು. ಬಟ್ಟೆ ಬಿಚ್ಚಿಸಿ ಹಣೆ, ಎದೆ, ಹೊಟ್ಟೆ, ತೊಡೆ, ಹೀಗೆ ಒಂದೊಂದು ಕಡೆ ಬೆರಳಿನಿಂದ ಒತ್ತಿ ಬಿಟ್ಟು ನೋಡಿದರು. ಒತ್ತಿದ ಜಾಗದಿಂದ ರಕ್ತ ಸರಿದು ಚರ್ಮದ ನಿಜ ಬಣ್ಣ ತೋರುತ್ತದೆ. ತೊಡೆಯವರೆಗೂ ಹಳದಿ. "ಇವತ್ತೇ ಹೋಗಿ ರಕ್ತ ತೋರ್ಸಿ. ನಾಳೆ ಅನ್ಬೇಡಿ."

ಸಂಜೆ ರಿಪೋರ್ಟು ಬಂತು: ಒಂದು ಡೆಸಿಲೀಟರ್ ರಕ್ತದಲ್ಲಿ 17 ಮಿಲಿಗ್ರಾಂ ಬಿಲಿರುಬಿನ್. ಮಗು 37 ವಾರಕ್ಕೆ ಹುಟ್ಟಿದ್ದು. "ಲೈಟಿಗೆ ಇಡಬೇಕು" ಎಂದರು ಸಿಸ್ಟರ್.

ಆ ಲೈಟು ನೋಡುವುದಕ್ಕೆ ಬಹಳ ಸರಳ. ಒಂದು ಪುಟ್ಟ ಪಾರದರ್ಶಕ ತೊಟ್ಟಿಲು, ಅದರ ಮೇಲೆ ಮೊಳದಷ್ಟೂ ಎತ್ತರವಿಲ್ಲದಂತೆ ಬಾಗಿದ ದೀಪದ ಹಲಗೆ, ಹಲಗೆಯ ತುಂಬ ನೀಲಿ ಎಲ್‌ಇಡಿಗಳು. ಮಗುವಿಗೆ ಡೈಪರ್ ಒಂದನ್ನು ಬಿಟ್ಟು ಬೇರೆ ಬಟ್ಟೆಯಿಲ್ಲ, ಕಣ್ಣಿಗೆ ದಪ್ಪ ಪಟ್ಟಿ. ಸೂಜಿಯಿಲ್ಲ, ಔಷಧಿಯಿಲ್ಲ. ಇಷ್ಟರಿಂದ ರಕ್ತದೊಳಗಿನ ವಿಷ ಇಳಿಯುವುದು ಹೇಗೆ ಎಂದು ಆ ರಾತ್ರಿಯೆಲ್ಲ ನಾನು ತೊಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು ಯೋಚಿಸಿದ್ದೆ.

ಬಿಲಿರುಬಿನ್ ಹೊರಗಿನಿಂದ ಬಂದದ್ದಲ್ಲ. ಹಳೆಯ ಕೆಂಪು ರಕ್ತಕಣ ಒಡೆದಾಗ ಅದರ ಬಣ್ಣದ ಭಾಗ ಮೊದಲು ಹಸಿರಾಗಿ, ಆಮೇಲೆ ಹಳದಿಯಾಗಿ ಮಾರ್ಪಡುತ್ತದೆ. ಪೆಟ್ಟು ಬಿದ್ದು ನೀಲಿಗಟ್ಟಿದ ಜಾಗ ಕೆಲವು ದಿನಗಳಲ್ಲಿ ಹಸಿರು, ಹಳದಿ ಆಗುವುದು ಇದೇ ಕಾರಣಕ್ಕೆ. ಗರ್ಭದಲ್ಲಿ ಆಮ್ಲಜನಕ ಕಡಿಮೆ ಸಿಗುವುದರಿಂದ ಕೂಸಿನ ಮೈಯಲ್ಲಿ ರಕ್ತಕಣಗಳು ಬಹಳ. ದೊಡ್ಡವರಲ್ಲಿ ಅವು ಸುಮಾರು 120 ದಿನ ಬಾಳಿದರೆ ಹಸುಗೂಸಿನಲ್ಲಿ 60ರಿಂದ 90 ದಿನ. ಹಾಗಾಗಿ ಒಡೆಯುವುದೂ ಹೆಚ್ಚು. ಹುಟ್ಟುವವರೆಗೆ ಈ ಕಸವನ್ನೆಲ್ಲ ಮಾಸು ತಾಯಿಯ ರಕ್ತಕ್ಕೆ ದಾಟಿಸಿಬಿಡುತ್ತಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಿಂದ ಆ ಕೆಲಸ ಮಗುವಿನ ಯಕೃತ್ತಿನದು. ಅದಕ್ಕೆ ಬೇಕಾದ ಕಿಣ್ವದ ಶಕ್ತಿ ಆಗ ದೊಡ್ಡವರಲ್ಲಿರುವುದರ ನೂರರಲ್ಲಿ ಒಂದು ಪಾಲಿನಷ್ಟು. ಹೀಗಾಗಿ ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೂ ನೂರಕ್ಕೆ 60ರಷ್ಟು ಮಕ್ಕಳು ಮೊದಲ ವಾರದಲ್ಲಿ ಹಳದಿಯಾಗುತ್ತಾರೆ, ಹೆಚ್ಚಿನವರು ತಾವಾಗಿಯೇ ಸರಿಹೋಗುತ್ತಾರೆ. ಹಿಡಿತ ಮೀರಿ ಏರಿದಾಗ ಮಾತ್ರ ಬಿಲಿರುಬಿನ್ ಮಿದುಳಿಗೆ ಇಳಿಯುತ್ತದೆ. ಅಲ್ಲಿ ಕಿವಿ ಕೇಳಿಸುವ ನರಗಳಿಗೂ ಕೈಕಾಲಿನ ಚಲನೆಯ ಕೇಂದ್ರಗಳಿಗೂ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ.

ಅಡುಗೆಮನೆಯಲ್ಲಿ ನಿಂತರೆ ಇದರ ಸ್ವಭಾವ ಬೇಗ ಅರ್ಥವಾಗುತ್ತದೆ. ಎಣ್ಣೆಯಲ್ಲಿ ಬೆರೆತ ಅರಿಶಿನ ತಟ್ಟೆಗೆ ಹತ್ತಿದರೆ ಬರೀ ನೀರಿಗೆ ಹೋಗದು. ಬಿಲಿರುಬಿನ್ನೂ ಹಾಗೆಯೇ, ಕೊಬ್ಬಿನಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಿ ಅಲ್ಲ. ಯಕೃತ್ತು ಅದಕ್ಕೊಂದು ಸಕ್ಕರೆಯ ನೆಂಟನಂಥ ಅಣುವನ್ನು ಅಂಟಿಸಿದ ಮೇಲೆಯೇ ಅದು ನೀರಿಗೆ ಒಗ್ಗಿ, ಪಿತ್ತದೊಡನೆ ಕರುಳಿಗಿಳಿದು ಹೊರಹೋಗುವುದು.

ಆದರೆ ಬಟ್ಟೆಗೆ ಹತ್ತಿದ ಅರಿಶಿನದ ಕಲೆಯನ್ನು ನಮ್ಮ ಮನೆಗಳಲ್ಲಿ ಹೇಗೆ ತೆಗೆಯುತ್ತಾರೆ? ಬಿಸಿಲಿಗೆ ಹರವುತ್ತಾರೆ.

1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ವಾರ್ಡ್ ಎಂಬ ದಾದಿಗೆ ಗಾಳಿ ಬಿಸಿಲಿನಲ್ಲಿ ತುಂಬ ನಂಬಿಕೆ. ಕೂಸುಗಳನ್ನು ಅಂಗಳಕ್ಕೆ ಒಯ್ದು ಬಿಸಿಲು ಕಾಯಿಸಿ ತರುತ್ತಿದ್ದರು. ಒಂದು ದಿನ ವೈದ್ಯರು ರೌಂಡ್ಸಿಗೆ ಬಂದಾಗ ಒಂದು ಮಗುವಿನ ಬಟ್ಟೆ ಸರಿಸಿ ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ಮೂರು ಮೂಲೆಯ ಒಂದು ತುಂಡು ಜಾಗ ಮಾತ್ರ ಕಡು ಹಳದಿ. ಯಾವ ಔಷಧಿ ಬಳಿದಿರಿ ಎಂದು ವೈದ್ಯರು ಕೇಳಿದರು. ಬಳಿದದ್ದೇನೂ ಇರಲಿಲ್ಲ. ಆ ಜಾಗವನ್ನು ಹೊದಿಕೆಯ ಮೂಲೆ ಮುಚ್ಚಿತ್ತು, ಬಿಸಿಲು ಬಿದ್ದ ಉಳಿದ ಮೈಯ ಹಳದಿ ಮಾಸಿತ್ತು. ಕೆಲವು ವಾರಗಳ ಮೇಲೆ, ಕಾಮಾಲೆಯ ಮಗುವೊಂದರ ರಕ್ತದ ಕೊಳವೆ ಪ್ರಯೋಗಾಲಯದ ಕಿಟಕಿಯ ಬಿಸಿಲಿನಲ್ಲಿ ಉಳಿದುಹೋಗಿ, ಅದರ ಬಿಲಿರುಬಿನ್ ಕೂಡ ನಂಬಲಾರದಷ್ಟು ಇಳಿದಿರುವುದು ಕಂಡಿತು. ಅಲ್ಲಿನ ವೈದ್ಯ ರಿಚರ್ಡ್ ಕ್ರೆಮರ್ ಮತ್ತು ಸಂಗಡಿಗರು ನೀಲಿ ಟ್ಯೂಬ್‌ಲೈಟುಗಳನ್ನು ಜೋಡಿಸಿ ಯಂತ್ರ ಕಟ್ಟಿದರು. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅದನ್ನು ವರದಿ ಮಾಡಿದರು. ಅಲ್ಲಿಯವರೆಗೆ ತೀವ್ರ ಕಾಮಾಲೆಗೆ ಇದ್ದ ದಾರಿಯೆಂದರೆ ಕೂಸಿನ ರಕ್ತವನ್ನು ಸ್ವಲ್ಪಸ್ವಲ್ಪವಾಗಿ ತೆಗೆದು ಬೇರೆ ರಕ್ತ ತುಂಬುವುದು. ಈಗ ಅದು ಅಪರೂಪವಾಗಿದೆ. ಬಟ್ಟೆ ಸರಿಸಿ ನೋಡಿದ ಒಬ್ಬ ದಾದಿಯ ಕಣ್ಣಿನಿಂದ ಈ ಯಂತ್ರ ಹುಟ್ಟಿತು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಬೆಳಕು ಮಾಡುವುದೇನು? ಒಂದು ವಸ್ತು ಹಳದಿಯಾಗಿ ಕಾಣುವುದೇ ಅದು ನೀಲಿಯನ್ನು ನುಂಗಿಕೊಳ್ಳುವುದರಿಂದ. ಅದಕ್ಕಾಗಿಯೇ ದೀಪ ನೀಲಿ. ತರಂಗಾಂತರ 460ರಿಂದ 490 ನ್ಯಾನೋಮೀಟರ್. ಬಿಲಿರುಬಿನ್ ಅಣುವನ್ನು ಮಡಿಸಿ ಲವಂಗ ಚುಚ್ಚಿದ ಬೀಡಾದ ಹಾಗೆ ಊಹಿಸಿಕೊಳ್ಳಿ. ನೀರಿಗೆ ಒಗ್ಗುವ ತುದಿಗಳೆಲ್ಲ ಮಡಿಕೆಯೊಳಗೆ ಸಿಕ್ಕಿಕೊಂಡಿವೆ; ಲವಂಗದ ಕೆಲಸವನ್ನು ಹೈಡ್ರೋಜನ್ ಬಂಧಗಳು ಮಾಡುತ್ತಿವೆ. ಚರ್ಮದ ಕೆಳಗೆ ಹರಿಯುವಾಗ ನೀಲಿ ಬೆಳಕು ತಾಗಿದರೆ ಅಣುವಿನ ಒಂದು ಪಕ್ಕ ತಿರುಚಿಕೊಳ್ಳುತ್ತದೆ. ಲವಂಗ ಕಳಚಿ ಬೀಡಾ ಬಿಚ್ಚಿಕೊಳ್ಳುತ್ತದೆ. ಇನ್ನು ಯಕೃತ್ತು ಏನನ್ನೂ ಅಂಟಿಸಬೇಕಾಗಿಲ್ಲ, ಅದು ನೇರವಾಗಿ ಪಿತ್ತಕ್ಕೆ ಇಳಿಯುತ್ತದೆ. ಲುಮಿರುಬಿನ್ ಎಂಬ ಇನ್ನೊಂದು ರೂಪ ಮೂತ್ರದಲ್ಲೂ ಹೋಗುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ಮುರಿದುಹೋಗುತ್ತದೆ. ಬಿಲಿರುಬಿನ್ ಹೆಚ್ಚಾಗಿ ಮುರಿಯುವುದಿಲ್ಲ, ಆಕಾರ ಬದಲಿಸುತ್ತದೆ, ಅಷ್ಟೇ ವ್ಯತ್ಯಾಸ. ಮೈ ಎಷ್ಟು ತೆರೆದಿದೆಯೋ, ದೀಪ ಎಷ್ಟು ಹತ್ತಿರವಿದೆಯೋ, ಕೆಲಸ ಅಷ್ಟು ಚುರುಕು.

"ಹಾಗಾದ್ರೆ ಎಳೆ ಬಿಸಿಲಿಗೆ ಹಿಡಿದ್ರೆ ಸಾಲದೇನೆ?" ಎಂದರು ಅಮ್ಮ. ನ್ಯಾಯವಾದ ಪ್ರಶ್ನೆ. ಬಿಸಿಲಿನಲ್ಲೂ ನೀಲಿಯಿದೆ. ಜೊತೆಗೆ ಚರ್ಮ ಸುಡುವ ಅತಿನೇರಳೆ ಕಿರಣವೂ ಇದೆ, ಶಾಖವೂ ಇದೆ. ನೆರಳಿಗೆ ಬಂದರೆ ಕೂಸಿಗೆ ಚಳಿ. ನೈಜೀರಿಯಾದ ಲಾಗೋಸ್‌ನಲ್ಲಿ ಅತಿನೇರಳೆ ಕಿರಣವನ್ನೂ ಶಾಖವನ್ನೂ ತಡೆಯುವ ವಿಶೇಷ ಹಾಳೆಯ ಚಪ್ಪರ ಹಾಕಿ, ಅದರಡಿ ಮಕ್ಕಳನ್ನು ಮಲಗಿಸಿ ನೋಡಿದರು. ಯಂತ್ರಕ್ಕೆ ಸಮನಾದ ಫಲ ಸಿಕ್ಕಿತೆಂದು 2015ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಮಕ್ಕಳು ಚಪ್ಪರದಡಿ ಗಂಟೆಗಟ್ಟಲೆ ಇದ್ದರು, ಅವರ ಮೈಬಿಸಿಯನ್ನು ಸಿಬ್ಬಂದಿ ಅಳೆಯುತ್ತಲೇ ಇದ್ದರು. ಅಂಗಳದ ಹತ್ತು ನಿಮಿಷದ ಬಿಸಿಲು 17ನ್ನು ಇಳಿಸುವುದಿಲ್ಲ. ಕಾಮಾಲೆಯ ನಾಟಿ ಔಷಧಿಯ ಹನಿಯೂ ಇಳಿಸುವುದಿಲ್ಲ; ಮೂರು ದಿನದ ಬಾಯಿಗೆ ಅದನ್ನು ಹಾಕಲೇಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಬಾಯಿಗೆ ಬೇಕಾದದ್ದು ತಾಯಿಯ ಹಾಲು, ದಿನಕ್ಕೆ ಎಂಟರಿಂದ ಹನ್ನೆರಡು ಸಲ. ಬಿಲಿರುಬಿನ್ ಹೊರಹೋಗುವುದು ಮುಖ್ಯವಾಗಿ ಮಲದಲ್ಲಿ. ಹಾಲಿಳಿಯದೆ ಕರುಳು ನಿಧಾನವಾದರೆ ಅದು ಮತ್ತೆ ರಕ್ತಕ್ಕೆ ಸೇರುತ್ತದೆ. ಕಾಮಾಲೆಯ ಮಗು ಮಂಕಾಗಿ ಮಲಗುತ್ತದೆ, ಮಲಗಿದ್ದರಿಂದ ಹಾಲು ಕುಡಿಯದು, ಕುಡಿಯದ್ದರಿಂದ ಹಳದಿ ಏರುತ್ತದೆ. ನಮ್ಮ ಸಮಾಧಾನದ ಕೂಸಿಗೆ ಆಗಿದ್ದು ಇದೇ. ಸಿಸ್ಟರ್ ಅಂಗಾಲು ತಟ್ಟಿ ಎಬ್ಬಿಸುವುದನ್ನು ನನಗೆ ಕಲಿಸಿದರು. ಹಾಲೂಡಿಸುವಾಗ ದೀಪದಿಂದ ತೆಗೆದು, ಕಣ್ಣಪಟ್ಟಿ ಬಿಚ್ಚಿ, ಮುಖ ನೋಡಿಕೊಂಡೇ ಊಡಿಸಿದೆ.

ಕೆಲವು ಗುರುತುಗಳು ಕಂಡರೆ ಕಾಯುವಂತೆಯೇ ಇಲ್ಲ: ಹುಟ್ಟಿದ 24 ಗಂಟೆಯೊಳಗೆ ಕಂಡ ಹಳದಿ, ಅಂಗೈ ಅಂಗಾಲಿಗೆ ಇಳಿದ ಹಳದಿ, ಹಾಲು ಬಿಟ್ಟ ಮಗು, ಕೀರಲು ಅಳು. ಎರಡು ವಾರ ದಾಟಿಯೂ ಹಳದಿ ಉಳಿದು ಮಲ ಸುಣ್ಣದಂತೆ ಬೆಳ್ಳಗಿದ್ದರೆ ಅದು ಬೇರೆಯೇ ಕಾಯಿಲೆ, ದೀಪದಿಂದ ಗುಣವಾಗದು. ಬೀರುವಿನಲ್ಲಿ ಬಟ್ಟೆಯ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಯ ವಿಷಯವನ್ನೂ ಹೇಳಬೇಕು. ಜಿ6ಪಿಡಿ ಎಂಬ ಕಿಣ್ವ ಕಡಿಮೆಯಿರುವ ಕೂಸುಗಳಲ್ಲಿ ಅದರ ವಾಸನೆಯ ಬಟ್ಟೆ ಸಾಕು, ರಕ್ತಕಣಗಳು ಒಡೆದು ಬಿಲಿರುಬಿನ್ ಒಮ್ಮೆಲೇ ನೆಗೆಯಬಹುದು. ಎತ್ತಿಟ್ಟ ಹಳೆಯ ಸೀರೆಯಲ್ಲಿ ಮಗುವನ್ನು ಸುತ್ತುವ ನಮ್ಮ ಮನೆಗಳಿಗೆ ಇದು ತಿಳಿದಿರಲೇಬೇಕು.

ಲೈಟಿಗೆ ಇಟ್ಟ ಎರಡನೆಯ ದಿನ ಸಂಜೆ ಬಿಲಿರುಬಿನ್ 11ಕ್ಕೆ ಇಳಿದಿತ್ತು. ಸಿಸ್ಟರ್ ದೀಪ ಆರಿಸಿದರು. ಮಗಳ ಮೈ ನೋಡಿ "ಪೂರ್ತಿ ಹೋಗಿದೆ" ಎಂದೆ. ಅವರು ಮಾತಾಡದೆ ಡೈಪರಿನ ಅಂಚನ್ನು ಸ್ವಲ್ಪ ಕೆಳಗೆ ಸರಿಸಿದರು. ಅಲ್ಲಿ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿತ್ತು. ಬಟ್ಟೆಯ ಕೆಳಗಿನ ಚರ್ಮ ಇನ್ನೂ ಹಳದಿಯಾಗಿಯೇ ಇತ್ತು.

"ಅದಕ್ಕೇ ಲೈಟಿಗೆ ಇಟ್ಟ ಮೇಲೆ ಬಣ್ಣ ನೋಡಿ ಹೇಳಬಾರದು. ನಾಳೆ ಬೆಳಿಗ್ಗೆ ಇನ್ನೊಂದ್ಸಲ ರಕ್ತ ತೆಗೀತೀವಿ," ಎಂದು ಅವರು ಮಗಳನ್ನು ನನ್ನ ಮಡಿಲಿಗೆ ಹಾಕಿದರು.